ವೆನಿಯರ್ ಟೇಬಲ್ ಟಾಪನ್ನು ಫ್ರೇಮಿಗೆ ಕೂರಿಸುವುದು

ಟೇಬಲ್ ಟಾಪನ್ನು ಫ್ರೇಮಿಗೆ ಕೂರಿಸುವ ಮಾತು ಬಂದ ಕೂಡಲೇ ಹೆಚ್ಚಿನವರು ಕೇಳುವುದು, ಮರ ಹಿಗ್ಗಿ ಕುಗ್ಗಲು ಎಷ್ಟು ಜಾಗ ಬಿಡಬೇಕು ಅಂತ. ಗಟ್ಟಿ ಮರದ ಹಲಗೆಯಾದರೆ ಮೊದಲು ಕೇಳಬೇಕಾದ್ದೇ ಅದು. ವೆನಿಯರ್ (ಬೋರ್ಡಿನ ಮೇಲೆ ಅಂಟಿಸುವ ಮರದ ತೆಳು ಹಾಳೆ) ಹಚ್ಚಿದ ಟಾಪಿಗೆ ಬಂದಾಗ ಆ ಪ್ರಶ್ನೆ ಹಿಂದೆ ಸರಿಯುತ್ತದೆ. ಸ್ಕ್ರೂವಿನ ಮೊನೆ ಮೇಲ್ಮೈಗೆ ಎಷ್ಟು ಹತ್ತಿರ ಹೋಗುತ್ತದೆ, ಒಳಗಿನ ಬೋರ್ಡು ಆ ಸ್ಕ್ರೂವನ್ನು ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ, ಫ್ರೇಮಿನ ತಲೆ ಸಮವಾಗಿದೆಯೇ, ಇವು ಮುಂದೆ ಬರುತ್ತವೆ. ವೆನಿಯರ್ ಟೇಬಲ್‌ಗಳು ಕೆಡುವುದು ಹೆಚ್ಚಾಗಿ ಈ ಮೂರರಲ್ಲಿ ಒಂದು ತಪ್ಪಿದಾಗ.

ಯಾಕೆಂದರೆ ಪೇಟೆಯಲ್ಲಿ ಸಿಗುವ ವೆನಿಯರ್ ಸಾಮಾನ್ಯವಾಗಿ ಅರ್ಧ ಮಿ.ಮೀ. ಆಸುಪಾಸಿನದು. ಅಷ್ಟು ತೆಳುವಾದ ಹಾಳೆ ತಾನಾಗಿ ಏನೂ ಮಾಡಲಾರದು, ಅಂಟಿಕೊಂಡ ಬೋರ್ಡು ಹೇಗೆ ನಡೆಯುತ್ತದೋ ಹಾಗೇ ನಡೆಯುತ್ತದೆ. 900 ಮಿ.ಮೀ. ಅಗಲದ ಗಟ್ಟಿ ಮರದ ಟಾಪು, ಮರದೊಳಗಿನ ತೇವ 4 ಶೇಕಡಾ ಏರಿಳಿದರೆ, ಎಳೆಗೆ ಅಡ್ಡವಾಗಿ 6ರಿಂದ 9 ಮಿ.ಮೀ. ತನಕ ಬದಲಾಗಬಹುದು. ಅದೇ ಅಗಲದ ಎಂಡಿಎಫ್ (ಮರದ ನಾರನ್ನು ಅಂಟು ಸೇರಿಸಿ ಒತ್ತಿ ಮಾಡಿದ ಬೋರ್ಡು) ಟಾಪು ಮನೆಯೊಳಗಿನ ಸಾಮಾನ್ಯ ಹವೆಯಲ್ಲಿ ಒಂದೆರಡು ಮಿ.ಮೀ. ಒಳಗೇ ಉಳಿಯುತ್ತದೆ. ಪ್ಲೈವುಡ್ ಅದಕ್ಕಿಂತಲೂ ಕಡಿಮೆ. ಹಾಗಾಗಿ ಗಟ್ಟಿ ಮರಕ್ಕೆಂದು ಹೇಳಿದ ಉಪದೇಶವನ್ನು ಇಲ್ಲಿಗೆ ಹಾಗೇ ತರಬೇಡಿ. ಅಷ್ಟೆಲ್ಲ ಸಡಿಲ ಬಿಟ್ಟರೆ ಟಾಪು ಅಲ್ಲಾಡುವುದೊಂದೇ ಲಾಭ.

ಮೊದಲು ಒಳಗೇನಿದೆ ನೋಡಿ

ಟಾಪನ್ನು ನೀವೇ ಮಾಡಿಸಿದ್ದರೆ ಒಳಗಿನ ಬೋರ್ಡು ಯಾವುದೆಂದು ಗೊತ್ತಿರುತ್ತದೆ. ಸಿದ್ಧ ಟಾಪು ತಂದಿದ್ದರೆ, ಅಥವಾ ಹಳೆಯ ಟೇಬಲ್ಲಿನದನ್ನು ಬಿಚ್ಚಿದ್ದರೆ, ಕೆಳಮುಖದಲ್ಲಿ ಸ್ಕ್ರೂ ಬರಲಿರುವ ಒಂದು ಜಾಗದಲ್ಲಿ 3 ಮಿ.ಮೀ. ಡ್ರಿಲ್ ಬಿಟ್ಟಿನಿಂದ 8 ಮಿ.ಮೀ. ಆಳ ಕೊರೆದು ಬರುವ ಪುಡಿಯನ್ನು ಅಂಗೈ ಮೇಲೆ ಹಾಕಿಕೊಳ್ಳಿ. ನುಣ್ಣನೆಯ, ಬೆರಳಿಗೆ ಮೆತ್ತಿಕೊಳ್ಳುವ ಕಂದು ಪುಡಿ ಬಂದರೆ ಎಂಡಿಎಫ್. ಒರಟು ಕಾಳುಕಾಳು ಚೂರು ಬಂದರೆ ಪಾರ್ಟಿಕಲ್ ಬೋರ್ಡ್. ಸುರುಳಿ ಸುರುಳಿಯಾಗಿ ಬಂದು, ಬಿಟ್ಟು ಇಳಿಯುವಾಗ ಕೈಗೆ ಗಟ್ಟಿ ಮೆದು ಗಟ್ಟಿ ಎಂದು ಪದರಗಳು ತಿಳಿದರೆ ಪ್ಲೈವುಡ್. ಮೊದಲೆರಡು ಪದರ ದಾಟಿದ ಮೇಲೆ ಒಂದೇ ಹದದ ಮೆದು ಮರ ಸಿಕ್ಕಿದರೆ, ಅಥವಾ ಬಿಟ್ಟು ತಟ್ಟನೆ ಟೊಳ್ಳಿಗೆ ಜಾರಿದರೆ, ಅದು ಬ್ಲಾಕ್ ಬೋರ್ಡ್, ಅಂದರೆ ನಡುವೆ ಮರದ ರೀಪುಗಳನ್ನು ಸಾಲಾಗಿ ಜೋಡಿಸಿದ ಬೋರ್ಡು.

ಇದು ತಿಳಿಯುವುದು ಏಕೆ ಮುಖ್ಯ ಅಂದರೆ, ಸ್ಕ್ರೂ ಹಿಡಿತ ಒಂದೊಂದರಲ್ಲಿ ಒಂದೊಂದು ಥರ. ಪ್ಲೈವುಡ್ ಚೆನ್ನಾಗಿ ಹಿಡಿಯುತ್ತದೆ, ಬಿಚ್ಚಿ ಮತ್ತೆ ಹಾಕಿದರೂ ತಡೆಯುತ್ತದೆ. ಎಂಡಿಎಫ್ ಮುಖದ ಕಡೆಯಿಂದ ತಕ್ಕಮಟ್ಟಿಗೆ ಹಿಡಿಯುತ್ತದೆ, ಆದರೆ ಅದರ ಗಟ್ಟಿತನವೆಲ್ಲ ಮೇಲಿನ ಮತ್ತು ಕೆಳಗಿನ ಕೆಲವು ಮಿ.ಮೀ.ಗಳಲ್ಲೇ ಇರುತ್ತದೆ, ನಡುವಿನ ಭಾಗ ಹೋಲಿಕೆಯಲ್ಲಿ ಸಡಿಲ. ಒಮ್ಮೆ ಮರೆ (ಸ್ಕ್ರೂವಿನ ಸುರುಳಿ ಏಣು ಬೋರ್ಡಿನಲ್ಲಿ ಕಚ್ಚಿದ ಹಾದಿ) ಸವೆದರೆ ಅದೇ ತೂತು ಮತ್ತೆ ಹಿಡಿಯುವುದಿಲ್ಲ. ಪಾರ್ಟಿಕಲ್ ಬೋರ್ಡ್ ಎಲ್ಲಕ್ಕಿಂತ ದುರ್ಬಲ, ಅದಕ್ಕೆ ಸ್ಕ್ರೂಗಳ ಸಂಖ್ಯೆ ಹೆಚ್ಚಿಸಬೇಕು. ಬ್ಲಾಕ್ ಬೋರ್ಡಿನಲ್ಲಿ ಸ್ಕ್ರೂ ಒಳಗಿನ ರೀಪಿನ ಮೈಗೆ ಬಿದ್ದರೆ ಒಳ್ಳೆಯ ಹಿಡಿತ, ಎರಡು ರೀಪುಗಳ ಸಂದಿಗೆ ಬಿದ್ದರೆ ಏನೂ ಇಲ್ಲ. ಅಂಥ ಕಡೆ 15 ಮಿ.ಮೀ. ಪಕ್ಕಕ್ಕೆ ಸರಿದು ಹೊಸ ತೂತು ಹಾಕುವುದೇ ದಾರಿ.

ಹಳೆಯ ಕಾಲದ ಕೆಲವು ಟೇಬಲ್‌ಗಳಲ್ಲಿ ವೆನಿಯರ್ ಕೆಳಗೆ ಗಟ್ಟಿ ಮರದ ಹಲಗೆಯೇ ಇರುತ್ತದೆ. ಅಂಚನ್ನು ಕೆಳಗಿನಿಂದ ನೋಡಿದರೆ ಹಲಗೆಗಳ ಜೋಡಣೆಯ ಗೆರೆ ಕಾಣುತ್ತದೆ. ಅದು ಮಾತ್ರ ಗಟ್ಟಿ ಮರದ ಲೆಕ್ಕಕ್ಕೇ ಸೇರುತ್ತದೆ. ಅದಕ್ಕೆ ಮರದ ಬಟನ್‌ಗಳು ಬೇಕು: ಸುತ್ತುಪಟ್ಟಿಯ (ಕಾಲುಗಳನ್ನು ಸುತ್ತಲೂ ಜೋಡಿಸುವ ಫ್ರೇಮಿನ ಪಟ್ಟಿ) ಒಳಮುಖದಲ್ಲಿ ತೋಡಿದ ಗ್ರೂವಿಗೆ ನಾಲಿಗೆ ಚಾಚಿ ಕೂರುವ ಸಣ್ಣ ತುಂಡುಗಳು. ಉದ್ದದ ಪಟ್ಟಿಗಳಲ್ಲಿ ಬಟನ್ ಮತ್ತು ಪಟ್ಟಿಯ ನಡುವೆ 3ರಿಂದ 4 ಮಿ.ಮೀ. ಬಿಟ್ಟು ಕೂರಿಸಿದರೆ ಹಲಗೆ ಅಗಲದಲ್ಲಿ ಸರಿದಾಡಬಲ್ಲದು. 2ರಿಂದ 3 ಮಿ.ಮೀ. ದಪ್ಪ ಕೊಯ್ದ ವೆನಿಯರ್ ಹಚ್ಚಿದ್ದರೂ ಸ್ವಲ್ಪ ಎಚ್ಚರ ಬೇಕು. ಅಷ್ಟು ದಪ್ಪಕ್ಕೆ ಬಂದ ಮೇಲೆ ವೆನಿಯರಿಗೂ ತನ್ನದೇ ಬಲ ಬಂದಿರುತ್ತದೆ.

ಟಾಪು ಚಪ್ಪಟೆಯಾಗಿದೆಯೇ, ಫ್ರೇಮು ಚಪ್ಪಟೆಯಾಗಿದೆಯೇ

ಮೇಲಿನ ಮುಖಕ್ಕೆ ಮಾತ್ರ ವೆನಿಯರ್ ಹಚ್ಚಿ ಕೆಳಗೆ ಬೋಳಾಗಿ ಬಿಟ್ಟ ಟಾಪು ಇವತ್ತಲ್ಲ ನಾಳೆ ಬಾಗುತ್ತದೆ. ಹವೆ ಒಣಗಿದಾಗ ವೆನಿಯರ್ ಕುಗ್ಗಿ ಮೇಲ್ಮೈಯನ್ನು ಎಳೆಯುತ್ತದೆ, ಕೆಳಗೆ ಎದುರು ಎಳೆಯುವವರು ಯಾರೂ ಇಲ್ಲ. ಟಾಪು ತಟ್ಟೆಯಂತೆ ಅಂಚೆತ್ತುತ್ತದೆ. ಕೆಳಮುಖಕ್ಕೂ ಅಷ್ಟೇ ದಪ್ಪದ ವೆನಿಯರ್, ಎಳೆ ಅದೇ ದಿಕ್ಕಿಗೆ, ಅಂಟು ಅದೇ, ಪಾಲಿಶ್ ಕೂಡ ಅದೇ ಸಂಖ್ಯೆಯ ಕೋಟು. ಕೆಳಗಿನದು ಅಗ್ಗದ ಜಾತಿಯದಾದರೂ ಪರವಾಗಿಲ್ಲ, ಇರಬೇಕು ಅಷ್ಟೇ. ಕೆಳಗೆ ಯಾರು ನೋಡುತ್ತಾರೆ ಎಂದು ಪಾಲಿಶ್ ಬಿಡುವವರಿದ್ದಾರೆ. ಬೋಳು ಮುಖ ತೇವ ಎಳೆದುಕೊಳ್ಳುತ್ತದೆ, ಪಾಲಿಶ್ ಇರುವ ಮುಖ ನಿಧಾನಕ್ಕೆ ಎಳೆದುಕೊಳ್ಳುತ್ತದೆ. ಬಾಗುವುದಕ್ಕೆ ಅಷ್ಟು ವ್ಯತ್ಯಾಸ ಸಾಕು.

ನೇರವಾದ ಪಟ್ಟಿಯೊಂದನ್ನು ಟಾಪಿನ ಮೇಲೆ ಉದ್ದಕ್ಕೆ, ಅಗಲಕ್ಕೆ, ಎರಡೂ ಮೂಲೆಗಳಿಗೆ ಅಡ್ಡಲಾಗಿ ಇಟ್ಟು ಸಂದಿ ನೋಡಿ. 900 ಮಿ.ಮೀ. ಅಗಲಕ್ಕೆ 2 ಮಿ.ಮೀ. ಬಾಗು ಇದ್ದರೆ ಗಟ್ಟಿಯಾದ ಸುತ್ತುಪಟ್ಟಿ ಅದನ್ನು ಎಳೆದು ಹಿಡಿಯುತ್ತದೆ. 5 ಮಿ.ಮೀ. ಇದ್ದರೆ ಸ್ಕ್ರೂ ಬಿಗಿದು ಸರಿಮಾಡುವ ಆಸೆ ಬೇಡ. ಆ ದಿನಕ್ಕೆ ಕೂತಂತೆ ಕಾಣುತ್ತದೆ, ಆದರೆ ಎಳೆತ ಪೂರ್ತಿ ನಾಲ್ಕಾರು ಸ್ಕ್ರೂಗಳ ಮೇಲೆಯೇ ನಿಂತಿರುತ್ತದೆ. ಎಂಡಿಎಫ್‌ನಲ್ಲಿ ಅವು ಒಂದೊಂದಾಗಿ ಕಿತ್ತುಬರುತ್ತವೆ.

ಇನ್ನು ಫ್ರೇಮು. ಇಲ್ಲಿ ತಾಳ್ಮೆ ಹೆಚ್ಚು ಬೇಕು, ಯಾಕೆಂದರೆ 18 ಮಿ.ಮೀ. ಬೋರ್ಡು ಬಳುಕುತ್ತದೆ. ಫ್ರೇಮು ತಿರುಚಿದ್ದರೆ ಬಿಗಿದ ಟಾಪೂ ತಿರುಚುತ್ತದೆ. ಹೊಳಪಿನ ಪಾಲಿಶ್ ಇದ್ದರೆ ಕಿಟಕಿಯ ಬೆಳಕಿನಲ್ಲಿ ಆ ಅಲೆ ಕಣ್ಣಿಗೆ ಹೊಡೆಯುತ್ತದೆ. ಮೊದಲು ಫ್ರೇಮನ್ನು ಸಮನೆಲದಲ್ಲಿ ನಿಲ್ಲಿಸಿ, ಕುಂಟುವ ಕಾಲಿಗೆ ಚಕ್ಕೆ ಕೊಡಿ. ಎರಡು ದಾರಗಳನ್ನು ಮೂಲೆಯಿಂದ ಎದುರು ಮೂಲೆಗೆ ಬಿಗಿಯಾಗಿ ಎಳೆದು ಕಟ್ಟಿ. ನಡುವೆ ಅವು ಒಂದನ್ನೊಂದು ಮುಟ್ಟಿಯೂ ಮುಟ್ಟದಂತಿದ್ದರೆ ಫ್ರೇಮು ಸರಿ. ಮೇಲಿನ ದಾರ 2 ಮಿ.ಮೀ. ಎತ್ತರದಲ್ಲಿ ನಿಂತರೆ ಯಾವುದೋ ಒಂದು ಮೂಲೆ ಅದರ ಎರಡರಷ್ಟು, ಅಂದರೆ 4 ಮಿ.ಮೀ. ಏರಿದೆ ಅಥವಾ ಇಳಿದಿದೆ. ದಾರಗಳು ಒತ್ತಿಕೊಂಡು ನಿಂತರೂ ತಿರುಚು ಇರಬಹುದು. ಹಾಗಾಗಿ ಕೆಳಗಿನದನ್ನು ಮೇಲೆ ಮಾಡಿ ಇನ್ನೊಮ್ಮೆ ನೋಡಲೇಬೇಕು.

ಮರದ ಫ್ರೇಮಿನಲ್ಲಿ ಸಾಮಾನ್ಯವಾಗಿ ಸಿಗುವ ದೋಷ ಇನ್ನೊಂದು: ಕಾಲಿನ ತಲೆ ಸುತ್ತುಪಟ್ಟಿಗಿಂತ ಕೂದಲೆಳೆಯಷ್ಟು ಮೇಲೆದ್ದಿರುವುದು. ಅರ್ಧ ಮಿ.ಮೀ. ಎದ್ದಿದ್ದರೂ ಟಾಪು ನಾಲ್ಕು ಕಾಲುಗಳ ಮೇಲೆ ಮಾತ್ರ ಕೂತು ಪಟ್ಟಿಯುದ್ದಕ್ಕೂ ಸಂದಿ ಉಳಿಯುತ್ತದೆ. ಆ ಸಂದಿ ಮುಚ್ಚಲು ಸ್ಕ್ರೂ ಬಿಗಿದಾಗ ಮೂಲೆಗಳಲ್ಲಿ ಟಾಪು ಮೇಲಕ್ಕೆ ಒತ್ತಿಕೊಳ್ಳುತ್ತದೆ. ಹರಿತವಾದ ಕೀಸುಳಿಯಿಂದ ಕಾಲಿನ ತಲೆಯನ್ನು ಪಟ್ಟಿಗಿಂತ ತುಸು ಕೆಳಗೇ ಇಳಿಸಿಬಿಡಿ. ಅಲ್ಲಿ ಟಾಪು ಕೂರಲೇಬೇಕೆಂದಿಲ್ಲ.

ಸ್ಕ್ರೂವಿನ ಲೆಕ್ಕ

ಈ ಕೆಲಸದ ಜೀವಾಳ ಇದೇ. 18 ಮಿ.ಮೀ. ಬೋರ್ಡಿಗೆ ಎರಡೂ ಕಡೆ ವೆನಿಯರ್ ಸೇರಿ ಟಾಪಿನ ದಪ್ಪ 19 ಮಿ.ಮೀ. ಆಗುತ್ತದೆ. ಸ್ಕ್ರೂವಿನ ಮೊನೆ ಮತ್ತು ಮೇಲ್ಮೈ ನಡುವೆ ಕನಿಷ್ಠ 5, ಸಾಧ್ಯವಾದರೆ 6 ಮಿ.ಮೀ. ಉಳಿಯಬೇಕು. ಅಂದರೆ ಸ್ಕ್ರೂ ಟಾಪಿನೊಳಗೆ ಹೋಗಬಹುದಾದ್ದು 13 ಮಿ.ಮೀ. ಮೊನೆ ಹೊರಗೆ ತೂರಿಬರಬಾರದು ಎಂಬುದಷ್ಟೇ ಇಲ್ಲಿನ ಚಿಂತೆಯಲ್ಲ. ಮೊನೆ 2 ಮಿ.ಮೀ. ಹತ್ತಿರ ಹೋದರೂ ಎಂಡಿಎಫ್‌ನ ನಾರು ಮೇಲಕ್ಕೆ ಒತ್ತಿಕೊಂಡು ವೆನಿಯರಿನಲ್ಲಿ ಮೊಡವೆಯಂಥ ಉಬ್ಬು ಏಳುತ್ತದೆ. ಎದುರಿನಿಂದ ನೋಡಿದರೆ ಕಾಣದು, ಓರೆ ಬೆಳಕಿಗೆ ಎದ್ದು ಕಾಣುತ್ತದೆ.

ಈಗ ರೀಪಿನ ದಪ್ಪ ಸೇರಿಸಿ. ಸುತ್ತುಪಟ್ಟಿಯ ಒಳಮುಖಕ್ಕೆ ರೀಪು ಹೊಡೆದು ಅದರ ಮೂಲಕ ಸ್ಕ್ರೂ ಏರಿಸುವುದಾದರೆ, ಸ್ಕ್ರೂವಿನ ಒಟ್ಟು ಉದ್ದ ರೀಪಿನ ದಪ್ಪಕ್ಕಿಂತ 13 ಮಿ.ಮೀ. ಹೆಚ್ಚಿರಬೇಕು. 20 ಮಿ.ಮೀ. ರೀಪಿಗೆ 35ರ ಸ್ಕ್ರೂ ಹಾಕಿದರೆ ತಲೆ ಮಟ್ಟವಾಗುವಾಗ ಮೊನೆ 15 ಮಿ.ಮೀ. ಒಳಗಿರುತ್ತದೆ, ಉಳಿಯುವುದು 4. ಅದು ಸಾಲದು. 30ರದ್ದು ಹಾಕಿದರೆ ಹಿಡಿತ 10 ಮಾತ್ರ. ಸ್ಕ್ರೂ ನಮಗೆ ಬೇಕಾದ ಉದ್ದಕ್ಕೆ ಸಿಗುವುದಿಲ್ಲ, ರೀಪು ಸಿಗುತ್ತದೆ. ರೀಪನ್ನು 22 ಮಿ.ಮೀ.ಗೆ ಮಾಡಿಕೊಂಡರೆ 35ರ ಸ್ಕ್ರೂ ಸರಿಯಾಗಿ 13 ಒಳಹೋಗುತ್ತದೆ. 25 ಮಿ.ಮೀ. ಟಾಪಾದರೆ 18 ಮಿ.ಮೀ. ತನಕ ಹೋಗಬಹುದು, ನೆಮ್ಮದಿ ಹೆಚ್ಚು.

ಸ್ಕ್ರೂ 4 ಮಿ.ಮೀ. ದಪ್ಪದ, ಮೊನೆಯಿಂದ ತಲೆಯವರೆಗೂ ಮರೆ ಇರುವ ಚಿಪ್‌ಬೋರ್ಡ್ ಸ್ಕ್ರೂ ಇರಲಿ. ಜಿಪ್ಸಂ ಬೋರ್ಡಿಗೆ ಹಾಕುವ ಕಪ್ಪು ಸ್ಕ್ರೂ ಬೇಡ, ಅದು ಬೆಂಡಾಗುವ ಬದಲು ಲಟಕ್ಕನೆ ಮುರಿಯುತ್ತದೆ. ಮುರಿದ ತುಂಡು ಟಾಪಿನೊಳಗೇ ಉಳಿಯುತ್ತದೆ. ಟಾಪಿನಲ್ಲಿ ಹಾಕುವ ಮುನ್‌ತೂತು ಎಂಡಿಎಫ್‌ಗೆ 3 ಮಿ.ಮೀ., ಪ್ಲೈವುಡ್ಡಿಗೆ 2.5ರಿಂದ 3. ಆಳ ಮಾತ್ರ ಸ್ಕ್ರೂ ಹೋಗುವಷ್ಟು ಪೂರ್ತಿ, ಬೇಕಿದ್ದರೆ 1 ಮಿ.ಮೀ. ಹೆಚ್ಚು. ತೂತು ಮೋಟಾಗಿದ್ದರೆ ಮೊನೆ ತನ್ನ ಮುಂದಿನ ಎಂಡಿಎಫ್ ಅನ್ನು ಮೇಲಕ್ಕೆ ತಳ್ಳುತ್ತದೆ, ಲೆಕ್ಕ ಸರಿಯಿದ್ದರೂ ಉಬ್ಬು ಬರುತ್ತದೆ.

ರೀಪಿನಲ್ಲಿನ ತೂತು ಸ್ಕ್ರೂಗಿಂತ ದೊಡ್ಡದಿರಬೇಕು, 4.5ರಿಂದ 5 ಮಿ.ಮೀ. ಸ್ಕ್ರೂ ಅದರಲ್ಲಿ ಕೈಯಿಂದಲೇ ಸರಾಗ ಜಾರಬೇಕು. ಇದನ್ನು ಬಿಡುವವರೇ ಹೆಚ್ಚು. ರೀಪಿನಲ್ಲೂ ಮರೆ ಕಚ್ಚಿಕೊಂಡರೆ, ಸ್ಕ್ರೂ ಎಷ್ಟೇ ತಿರುಗಿಸಿದರೂ ರೀಪು ಮತ್ತು ಟಾಪು ಮೊದಲಿದ್ದ ದೂರದಲ್ಲೇ ಉಳಿಯುತ್ತವೆ. ಸಂದಿ ಮುಚ್ಚುವುದಿಲ್ಲ. ಆಗ ಇನ್ನಷ್ಟು ಬಿಗಿಯುತ್ತಾರೆ, ಟಾಪಿನ ಮರೆ ಸವೆದುಹೋಗುತ್ತದೆ. ಎಂಡಿಎಫ್ ಟಾಪು ಉದ್ದದಲ್ಲೂ ಅಗಲದಷ್ಟೇ ಹಿಗ್ಗುತ್ತದೆ, ಅದರ ಕೆಳಗಿನ ಮರದ ಪಟ್ಟಿ ಉದ್ದದಲ್ಲಿ ಹಿಗ್ಗುವುದೇ ಇಲ್ಲ ಎನ್ನಬಹುದು. ಈ ವ್ಯತ್ಯಾಸಕ್ಕೂ 5 ಮಿ.ಮೀ. ತೂತೇ ಸಾಕು. ತಲೆಯ ಕೆಳಗೆ ಒಂದು ವಾಷರ್ ಇದ್ದರೆ ಒಳ್ಳೆಯದು.

ಮುನ್‌ತೂತಿನ ಬಾಯಿಗೆ ಕೌಂಟರ್‌ಸಿಂಕ್ ಬಿಟ್ಟನ್ನು (ತೂತಿನ ಬಾಯಿಯನ್ನು ಓರೆಯಾಗಿ ಅಗಲಿಸುವ ಬಿಟ್ಟು) ಮುಟ್ಟಿಸಿ ಸುಮಾರು 1 ಮಿ.ಮೀ. ತೆಗೆಯಿರಿ. ಸ್ಕ್ರೂ ಒಳಗಿಳಿಯುವಾಗ ಎಂಡಿಎಫ್ ಬಾಯಿಯ ಸುತ್ತ ಸಣ್ಣ ಗುಡ್ಡೆಯಾಗಿ ಏಳುತ್ತದೆ, ಕೆಳಮುಖದ ವೆನಿಯರ್ ಚಕ್ಕೆಯೂ ಅದರ ಜೊತೆ ಏಳುತ್ತದೆ. ಆ ಗುಡ್ಡೆಗೆ ಅಡಗಲು ಜಾಗವಿಲ್ಲದಿದ್ದರೆ ಟಾಪು ಮತ್ತು ಫ್ರೇಮಿನ ನಡುವೆ ನಿಂತು ಎರಡನ್ನೂ ದೂರ ಇಡುತ್ತದೆ. 1 ಮಿ.ಮೀ.ಗಿಂತ ಹೆಚ್ಚು ತೆಗೆಯಬೇಡಿ. ಎಂಡಿಎಫ್‌ನ ಗಟ್ಟಿ ಪದರ ಇರುವುದು ಅಲ್ಲೇ.

ಬಿಟ್ಟಿಗೆ ಟೇಪು ಸುತ್ತಿ ಆಳದ ಗುರುತು ಮಾಡುವ ರೂಢಿಯನ್ನು ವೆನಿಯರ್ ಟಾಪಿನ ಮಟ್ಟಿಗೆ ಬಿಟ್ಟುಬಿಡಿ. ಟೇಪು ಜಾರುತ್ತದೆ, ಕಣ್ಣು ತಪ್ಪುತ್ತದೆ. ಒಂದು ಮರದ ತುಂಡಿಗೆ ಉದ್ದುದ್ದ ತೂತು ಕೊರೆದು ಬಿಟ್ಟಿಗೆ ತೊಡಿಸಿ. ಬಿಟ್ಟನ್ನು ಹಿಡಿಯುವ ಚಕ್ಕಿಗೆ ತುಂಡು ತಾಗಿದಾಗ ಬಿಟ್ಟಿನ ತುದಿ ತುಂಡಿನಿಂದ 14 ಮಿ.ಮೀ. ಮಾತ್ರ ಹೊರಗೆ ಉಳಿಯುವ ಹಾಗೆ ಅದರ ಉದ್ದ ಇರಲಿ. ಡ್ರಿಲ್ ಎಷ್ಟು ಒತ್ತಿದರೂ ತುಂಡು ಚಕ್ಕಿಗೆ ತಾಗಿ ನಿಲ್ಲುತ್ತದೆ, ಮೇಲ್ಮೈ ಉಳಿಯುತ್ತದೆ. ನಡುವೆ ಮುಳ್ಳಿರುವ ಬಿಟ್ಟಾದರೆ ಅಳತೆ ಆ ಮುಳ್ಳಿನ ತುದಿಯಿಂದ ಹಿಡಿಯಬೇಕು.

ಯಾವುದರಿಂದ ಹಿಡಿಸುವುದು

ನನ್ನನ್ನು ಕೇಳಿದರೆ ಮರದ ಫ್ರೇಮಿಗೆ ರೀಪಿಗಿಂತ ಒಳ್ಳೆಯ ಉಪಾಯವಿಲ್ಲ. 22 ಮಿ.ಮೀ. ಚೌಕದ ರೀಪನ್ನು ಸುತ್ತುಪಟ್ಟಿಯ ಒಳಮುಖಕ್ಕೆ ಬಿಳಿ ಅಂಟು ಮತ್ತು ಸ್ಕ್ರೂ ಎರಡರಿಂದ ಹಿಡಿಸಿ. ಅದರ ಮೇಲ್ಮುಖ ಪಟ್ಟಿಯ ತಲೆಗಿಂತ ಅರ್ಧದಿಂದ 1 ಮಿ.ಮೀ. ಕೆಳಗಿರಲಿ. ಆಗ ಸ್ಕ್ರೂ ಬಿಗಿದಂತೆ ಟಾಪು ಪಟ್ಟಿಯ ತಲೆಗೆ ಒತ್ತಿ ಕೂರುತ್ತದೆ. ರೀಪು ಮೇಲೆದ್ದಿದ್ದರೆ ಟಾಪು ರೀಪಿನ ಮೇಲೆ ಕೂತು ಹೊರಗಡೆ ಸಂದಿ ಕಾಣುತ್ತದೆ. ಮುಂದೆ ಹೇಳುವ ಎಲ್ಲ ಉಪಕರಣಗಳಿಗೂ ಇದೇ ತತ್ವ: ಹಿಡಿಯುವ ಸಾಮಾನು ಯಾವುದೇ ಇರಲಿ, ಒಂದು ಕೂದಲಷ್ಟು ಕೆಳಗಿರಬೇಕು.

ಸ್ಕ್ರೂಗಳ ನಡುವಿನ ದೂರ 250ರಿಂದ 300 ಮಿ.ಮೀ., ಮೂಲೆಯಿಂದ ಮೊದಲನೆಯದು ಸುಮಾರು 100 ಮಿ.ಮೀ. ಒಳಗೆ. 1500 × 900 ಟಾಪಿನ ಕೆಳಗೆ 1300 × 700 ಫ್ರೇಮಿದ್ದರೆ ಉದ್ದದ ಪಟ್ಟಿಗೆ ಐದೈದು, ಅಗಲದ ಪಟ್ಟಿಗೆ ಮೂರ್ಮೂರು, ಒಟ್ಟು 16. ಪಾರ್ಟಿಕಲ್ ಬೋರ್ಡಾದರೆ 200 ಮಿ.ಮೀ.ಗೊಂದು. ಇಷ್ಟು ಉದ್ದದ ಫ್ರೇಮಿಗೆ ನಡುವೆ ಒಂದು ಅಡ್ಡಪಟ್ಟಿಯೂ ಇರಲಿ. 18 ಮಿ.ಮೀ. ಎಂಡಿಎಫ್ ತನ್ನ ತೂಕಕ್ಕೇ ನಿಧಾನವಾಗಿ ಜೋಲುತ್ತದೆ, ವರ್ಷಗಳ ಮೇಲೆ ನಡು ತಗ್ಗುತ್ತದೆ.

ಎಂಟರ ಆಕಾರದ ಲೋಹದ ಬಿಲ್ಲೆಗಳು ಕಾಣದಂತೆ ಕೂರುತ್ತವೆ, ಕೆಲಸವೂ ಬೇಗ. ಪಟ್ಟಿಯ ತಲೆಯಲ್ಲಿ ಬಿಲ್ಲೆಯ ದಪ್ಪಕ್ಕೆ ಗುಳಿ ತೋಡಬೇಕು, ಗುಳಿಯ ಕೇಂದ್ರ ತುಸು ಒಳಮುಖದ ಕಡೆಗಿದ್ದರೆ ಬಿಲ್ಲೆಯ ಇನ್ನೊಂದು ಕಿವಿ ಹೊರಗೆ ಚಾಚುತ್ತದೆ. ಗುಳಿ ಆಳ ಸಾಲದೆ ಬಿಲ್ಲೆ ಮೇಲೆದ್ದಿದ್ದರೆ ಟಾಪು ಬಿಲ್ಲೆಗಳ ಮೇಲೆ ತೂಗಿ ಲಟಪಟ ಎನ್ನುತ್ತದೆ. ಪಟ್ಟಿ 20 ಮಿ.ಮೀ. ದಪ್ಪವಾದರೂ ಇರಬೇಕು. ಬಿಲ್ಲೆಗೆ ಟಾಪಿನ ಕಡೆ ಒಂದೇ ಸ್ಕ್ರೂ, ಅದೂ ಮೋಟು, ಆದ್ದರಿಂದ ಎಂಡಿಎಫ್‌ಗೆ ಎಂಟರ ಬದಲು ಹತ್ತು ಹಾಕಿ. ಝಡ್ ಆಕಾರದ ಕ್ಲಿಪ್ಪು ಗ್ರೂವಿಗೆ ಸಿಕ್ಕಿಕೊಳ್ಳುತ್ತದೆ, ಅದೂ ಚೆನ್ನಾಗಿದೆ, ಆದರೆ ಅದು ಕೊಡುವ ಸರಿದಾಟ ಇಲ್ಲಿ ಬೇಕಾಗಿಯೇ ಇಲ್ಲ. ಎಲ್ ಪಟ್ಟಿ ಸಣ್ಣ ಟೇಬಲ್ಲಿಗೆ ಸಾಕು. ತೆಳು ತಗಡಿನದಾದರೆ ಬಾಗಿ ಟಾಪು ತೂಗುತ್ತದೆ.

ಪಟ್ಟಿಯೊಳಗೆ ಓರೆಯಾಗಿ ತೂತು ಕೊರೆದು ಸ್ಕ್ರೂ ಏರಿಸುವ ಪಾಕೆಟ್ ಹೋಲ್ ಬಗ್ಗೆ ಎರಡು ಮಾತು. ಸ್ಕ್ರೂ ಸುಮಾರು 15 ಡಿಗ್ರಿ ಓರೆಯಲ್ಲಿ ಹೋಗುವುದರಿಂದ ಮೊನೆ ಹೆಚ್ಚುಕಡಿಮೆ ನೇರ ಮೇಲಕ್ಕೇ ಏರುತ್ತದೆ, ಓರೆ ಇದೆಯಲ್ಲ ಎಂದು ಉದ್ದದಲ್ಲಿ ರಿಯಾಯಿತಿ ಕೊಡಬೇಡಿ. ಅದೇ ದಪ್ಪದ ಚೂರುಗಳಲ್ಲಿ ಒಂದು ಮಾಡಿ, ಅಡ್ಡ ಕೊಯ್ದು, ಮೊನೆ ಎಲ್ಲಿ ನಿಂತಿತೆಂದು ಕಣ್ಣಾರೆ ನೋಡಿ. ಆ ಸ್ಕ್ರೂಗಳಿಗೆ ತಾವೇ ಕೊರೆಯುವ ಮೊನೆ ಇದ್ದರೂ ಟಾಪಿನಲ್ಲಿ ಮುನ್‌ತೂತು ಹಾಕಿ. ಬಿಗಿಯುವಾಗ ಟಾಪು ಪಕ್ಕಕ್ಕೆ ಸರಿಯುತ್ತದೆ, ಕ್ಲಾಂಪ್ ಇಲ್ಲದೆ ಕೈ ಹಚ್ಚಬೇಡಿ.

ಆಗಾಗ ಬಿಚ್ಚಿ ಸಾಗಿಸುವ ಟೇಬಲ್ಲಾದರೆ ಸ್ಕ್ರೂ ಬೇಡ, ಎಂ6 ಮರೆಯ ಲೋಹದ ಇನ್ಸರ್ಟ್‌ಗಳನ್ನು ಟಾಪಿನೊಳಗೆ ಕೂರಿಸಿ ಬೋಲ್ಟ್ ಹಾಕುವುದು ಸರಿ. 18 ಮಿ.ಮೀ. ಟಾಪಿಗೆ 10ರಿಂದ 12 ಮಿ.ಮೀ. ಉದ್ದದ ಇನ್ಸರ್ಟ್. ತೂತಿನ ಅಳತೆ ಇನ್ಸರ್ಟ್ ತಯಾರಿಸಿದವರು ಕೊಟ್ಟದ್ದೇ, ಅದನ್ನೂ ಅದೇ ಬೋರ್ಡಿನ ಚೂರಿನಲ್ಲಿ ಮೊದಲು ಪರೀಕ್ಷಿಸಿ. ತೂತು ಬಿಗಿಯಾದರೆ ಎಂಡಿಎಫ್ ಒಳಗೇ ಪದರ ಬಿಡುತ್ತದೆ. ಕೂರಿಸುವಾಗ ಸ್ವಲ್ಪ ಎಪಾಕ್ಸಿ ಹಚ್ಚಿ. ಬೋಲ್ಟಿನ ಉದ್ದದಲ್ಲಿ ಒಂದು ಅಪಾಯ ಅಡಗಿದೆ: ಇನ್ಸರ್ಟ್ ದಾಟಿ ತೂತಿನ ತಳಕ್ಕೆ ತಾಗುವಷ್ಟು ಉದ್ದವಿದ್ದರೆ ಬಿಗಿದಾಗ ಅದು ಜಾಕಿನಂತೆ ವೆನಿಯರನ್ನು ಕೆಳಗಿನಿಂದ ಎತ್ತುತ್ತದೆ. ಫ್ರೇಮಿನ ದಪ್ಪ, ವಾಷರ್, ಇನ್ಸರ್ಟಿನ ಉದ್ದ ಕೂಡಿಸಿ 2 ಮಿ.ಮೀ. ಕಳೆಯಿರಿ.

ಅಂಟು ಹಾಕಿಬಿಡಬಹುದೇ? ಪ್ಲೈವುಡ್ ಟಾಪನ್ನು ಮರದ ಪಟ್ಟಿಗೆ ಅಂಟಿಸಿದರೆ ಬಿರುಕು ಬರುವುದಿಲ್ಲ, ಚಿಕ್ಕ ಟೇಬಲ್ಲಿಗೆ ಬಲವೂ ಬರುತ್ತದೆ. ಆದರೂ ನಾನು ಬೇಡ ಎನ್ನುತ್ತೇನೆ. ವೆನಿಯರ್ ಒಂದು ದಿನ ಗಾಯವಾಗುತ್ತದೆ, ಬಿಸಿ ಪಾತ್ರೆಗೋ ನೀರಿಗೋ ಪಾಲಿಶ್ ಕೆಡುತ್ತದೆ. ಆಗ ಟಾಪು ಕಳಚಿ ಬಂದರೆ ದುರಸ್ತಿ ಸುಲಭ. ನೀರಿನ ಅಂಟು ತೆಳು ಎಂಡಿಎಫ್ ಅನ್ನು ಉಬ್ಬಿಸುವುದೂ ಉಂಟು. 1800 ಮಿ.ಮೀ. ದಾಟಿದ ಎಂಡಿಎಫ್ ಟಾಪಿಗಂತೂ ಅಂಟು ಬೇಡವೇ ಬೇಡ. ಉದ್ದದಲ್ಲಿ ಅದು ಹಿಗ್ಗುವುದನ್ನು ಪಟ್ಟಿ ತಡೆದರೆ ಫ್ರೇಮೇ ಬಿಲ್ಲಾಗುತ್ತದೆ.

ಕಬ್ಬಿಣದ ಫ್ರೇಮು, ಒಂಟಿ ಕಾಲು

ಕಬ್ಬಿಣದ ಫ್ರೇಮಿನ ತೊಂದರೆ ವೆಲ್ಡಿಂಗ್. ಬಿಸಿಗೆ ಎಳೆದುಕೊಂಡು ಮೂಲೆಗಳು ಏರುಪೇರಾಗಿರುತ್ತವೆ, ವೆಲ್ಡಿನ ಗಂಟು ಮೇಲೆದ್ದಿರುತ್ತದೆ. ಗಂಟನ್ನು ಗ್ರೈಂಡರಿನಿಂದ ಮಟ್ಟ ಮಾಡಿ, ಪ್ರತಿ ಸ್ಕ್ರೂ ಬಳಿ 2 ಮಿ.ಮೀ. ಕಾರ್ಕ್ ಅಥವಾ ರಬ್ಬರ್ ತುಂಡಿಡಿ, ತಗ್ಗಿದ್ದಲ್ಲಿ ಎರಡು. ಕೆಳಮುಖದ ವೆನಿಯರಿಗೆ ಗೀರು ಬೀಳುವುದಿಲ್ಲ, ಕಿರುಗುಟ್ಟುವುದೂ ನಿಲ್ಲುತ್ತದೆ. ಫ್ರೇಮಿನ ತೂತು 6 ಮಿ.ಮೀ. ಇದ್ದರೆ 4ರ ಸ್ಕ್ರೂಗೆ ವಾಷರ್ ಕಡ್ಡಾಯ. ಇಲ್ಲಿ ರೀಪಿಲ್ಲ, ತಗಡಿನ ದಪ್ಪ 3 ಮಿ.ಮೀ. ಅಷ್ಟೇ, ಹಾಗಾಗಿ ಸ್ಕ್ರೂ 16 ಮಿ.ಮೀ. ದಾಟಬಾರದು. ಚೌಕದ ಕೊಳವೆಯಾದರೆ ಕೆಳಗಿನ ಗೋಡೆಗೆ ಸ್ಕ್ರೂವಿನ ತಲೆ ಹೋಗುವಷ್ಟು ದೊಡ್ಡ ತೂತು ಮಾಡಿ, ಮೇಲಿನ ಗೋಡೆಗೆ ಮಾತ್ರ ಸ್ಕ್ರೂ ಹಿಡಿಸಿ.

ನಡುವೆ ಒಂದೇ ಕಾಲಿರುವ ದುಂಡು ಟೇಬಲ್ಲಿನಲ್ಲಿ ಎಲ್ಲ ಭಾರವೂ ಮೀಟುಗೋಲಿನ ಹಾಗೆ ಸ್ಕ್ರೂಗಳನ್ನು ಕೀಳಲು ನೋಡುತ್ತದೆ. 900 ಮಿ.ಮೀ. ವ್ಯಾಸದ ಟಾಪು, ಕೆಳಗೆ 150 ಮಿ.ಮೀ. ತಟ್ಟೆ ಎಂದಿಟ್ಟುಕೊಳ್ಳಿ. ಯಾರಾದರೂ ಅಂಚಿನಲ್ಲಿ 30 ಕಿಲೋ ಭಾರ ಊರಿದರೆ ಎದುರು ಬದಿಯ ಸ್ಕ್ರೂಗಳ ಮೇಲೆ 85 ಕಿಲೋಗೂ ಹೆಚ್ಚು ಎಳೆತ ಬೀಳುತ್ತದೆ. ತಟ್ಟೆಯನ್ನು 300 ಮಿ.ಮೀ.ಗೆ ಏರಿಸಿದರೆ ಅದೇ ಎಳೆತ 33 ಕಿಲೋ ಆಸುಪಾಸಿಗೆ ಇಳಿಯುತ್ತದೆ. ಕಬ್ಬಿಣದ ತಟ್ಟೆ ಚಿಕ್ಕದಿದ್ದರೆ ನಡುವೆ 18 ಮಿ.ಮೀ. ಪ್ಲೈವುಡ್ಡಿನ ಬಿಲ್ಲೆಯೊಂದನ್ನು ಸೇರಿಸಿ, ವ್ಯಾಸ ಟಾಪಿನ ಅರ್ಧಕ್ಕಿಂತ ಕಡಿಮೆ ಬೇಡ. ಬಿಲ್ಲೆಯನ್ನು ಟಾಪಿಗೆ ಹೊರ ಅಂಚಿನ ಬಳಿ 8 ಮತ್ತು ಒಳಸುತ್ತಿನಲ್ಲಿ 4 ಸ್ಕ್ರೂಗಳಿಂದ ಹಿಡಿಸಿ, ಕಬ್ಬಿಣದ ತಟ್ಟೆಯನ್ನು ಬಿಲ್ಲೆಗೆ ಬೋಲ್ಟಿನಿಂದ ಬಿಗಿಯಿರಿ. ಬೋಲ್ಟಿನ ತಲೆಗೆ ಬಿಲ್ಲೆಯ ಮೇಲ್ಮುಖದಲ್ಲಿ ಗುಳಿ ತೋಡಿ ಮೊದಲೇ ಕೂರಿಸಿರಬೇಕು. ಬಿಲ್ಲೆಯ ಅಂಚನ್ನು ಓರೆಯಾಗಿ ಕೀಸಿದರೆ ನಿಂತು ನೋಡುವವರ ಕಣ್ಣಿಗೆ ಬೀಳುವುದಿಲ್ಲ.

ಕೂರಿಸುವ ದಿನ

ಪಾಲಿಶ್ ಒಣಗಿದೆ ಎನಿಸಿದರೂ ಗಟ್ಟಿಯಾಗಿರುವುದಿಲ್ಲ. ಎರಡು ಭಾಗ ಬೆರೆಸುವ ಪಿಯು (ಪಾಲಿಯುರೆಥೇನ್) ಪಾಲಿಶ್ ಆದರೂ ಒಂದು ವಾರ ಕೊಡಿ. ಬೇಗ ಮಗುಚಿದರೆ ಕಂಬಳಿಯ ನೇಯ್ಗೆ ಹಾಗೇ ಅಚ್ಚೊತ್ತುತ್ತದೆ. ಬೆಂಚಿನ ಮೇಲೆ ಮೊದಲು ಕೈಯಾಡಿಸಿ ಒಂದು ಮರಳಿನ ಹರಳೂ ಇಲ್ಲದಂತೆ ಒರೆಸಿ, ದಪ್ಪ ಕಂಬಳಿ ಹಾಸಿ, ಕಂಬಳಿಯನ್ನೂ ಒಮ್ಮೆ ಕೊಡವಿ. ಟಾಪನ್ನು ಇಬ್ಬರು ಎತ್ತಿ ಮುಖ ಕೆಳಗೆ ಮಾಡಿ ಇಳಿಸಬೇಕು, ಎಳೆಯಬಾರದು. ಫ್ರೇಮನ್ನು ತಲೆಕೆಳಗಾಗಿ ಅದರ ಮೇಲಿಟ್ಟು ನಾಲ್ಕೂ ಕಡೆ ಅಂಚಿನ ಚಾಚು ಅಳೆಯಿರಿ. ಸರಿಯಾದ ಮೇಲೆ ಪಟ್ಟಿಯ ಪಕ್ಕಕ್ಕೆ ಒತ್ತಿ ಮೂಲೆಗೆರಡು ಚೂರು ಮರಗಳನ್ನು ಡಬಲ್ ಟೇಪಿನಿಂದ ಅಂಟಿಸಿದರೆ ಫ್ರೇಮು ಎತ್ತಿಟ್ಟರೂ ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಟೇಪು ಕೀಳುವಾಗ ನಿಧಾನ, ಎಳೆಯ ದಿಕ್ಕಿಗೇ ಕೀಳಬೇಕು.

ಅಂಚಿಗೆ ಗಟ್ಟಿ ಮರದ ಲಿಪ್ಪಿಂಗ್ (ಅಂಚು ಮುಚ್ಚಲು ಅಂಟಿಸಿದ ಪಟ್ಟಿ) ಇದ್ದರೆ ಅದರ ಜೋಡಣೆಯಿಂದ ಕನಿಷ್ಠ 30 ಮಿ.ಮೀ. ಒಳಗೆ ಸ್ಕ್ರೂ ಬರಲಿ. ರೀಪಿನ ತೂತುಗಳ ಮೂಲಕ ಕೇಂದ್ರಗಳನ್ನು ಗುರುತು ಮಾಡಿ, ಫ್ರೇಮು ತೆಗೆದು, ಮುಳ್ಳಿನ ಬಿಟ್ಟಿನಿಂದ ಮುನ್‌ತೂತು ಕೊರೆಯಿರಿ. ಪುಡಿಯನ್ನು ಪೂರ್ತಿ ಹೀರಿ ತೆಗೆಯಿರಿ. ತೂತಿನೊಳಗೆ ಉಳಿದ ಪುಡಿಯನ್ನು ಸ್ಕ್ರೂ ತುದಿಗೆ ಗಿಡಿದು ಮೇಲ್ಮೈಯನ್ನು ಒತ್ತುತ್ತದೆ.

ಫ್ರೇಮು ಮತ್ತೆ ಇಟ್ಟ ಮೇಲೆ ಮೂಲೆಗಳಲ್ಲಿ ಕ್ಲಾಂಪ್ ಹಾಕಿ, ದವಡೆಗೆ ಮೆತ್ತನೆಯ ಹಲಗೆ ಚೂರು ಕೊಟ್ಟು. ಎಲ್ಲ ಸ್ಕ್ರೂಗಳನ್ನೂ ಮೊದಲು ಸಡಿಲವಾಗಿ ಹಾಕಿ, ನಂತರ ನಡುವಿನಿಂದ ಹೊರಕ್ಕೆ ಬಿಗಿಯುತ್ತ ಬನ್ನಿ. ಡ್ರಿಲ್ಲಿನ ಕ್ಲಚ್ ಕಡಿಮೆ ಅಂಕೆಗಿಡಿ, ಕೊನೆಯ ಎರಡು ಸುತ್ತು ಕೈಯಲ್ಲೇ ಆಗಲಿ. ತಲೆ ವಾಷರಿಗೆ ತಾಗಿ ಬಿಗಿ ಬಂದ ಮೇಲೆ ಕಾಲು ಸುತ್ತು ಸಾಕು. ಎಂಡಿಎಫ್‌ನಲ್ಲಿ ಬಿಗಿ ಏರುತ್ತ ಬಂದು ಇದ್ದಕ್ಕಿದ್ದಂತೆ ಕೈ ಹಗುರಾದರೆ ಮರೆ ಹೋಯಿತೆಂದೇ ಅರ್ಥ.

ಹೋದ ಮರೆಗೆ ಉದ್ದದ ಸ್ಕ್ರೂ ಮದ್ದಲ್ಲ, ಅದರಿಂದಲೇ ಮೇಲ್ಮೈ ಹಾಳಾಗುವುದು. ಮೊದಲ ಆಯ್ಕೆ ಜಾಗ ಬದಲಿಸುವುದು, 20 ಮಿ.ಮೀ. ಪಕ್ಕಕ್ಕೆ. ಅದೇ ಜಾಗ ಬೇಕೆಂದರೆ ತೂತನ್ನು 10 ಮಿ.ಮೀ. ವ್ಯಾಸಕ್ಕೆ, 12 ಮಿ.ಮೀ. ಆಳಕ್ಕೆ ಅಗಲಿಸಿ, ಗಟ್ಟಿ ಮರದ ಬಿರಡೆಯನ್ನು ಎಪಾಕ್ಸಿ ಹಾಕಿ ಕೂರಿಸಿ, ಮರುದಿನ ಅದರಲ್ಲಿ ಹೊಸ ಮುನ್‌ತೂತು ಹಾಕಿ. ಬಿರಡೆಯನ್ನು ಹಲಗೆಯ ಮುಖದಿಂದ ಕತ್ತರಿಸಿದ್ದು ಇರಲಿ. ದುಂಡು ಕೋಲಿನಿಂದ ತುಂಡರಿಸಿದ ಬಿರಡೆಯಲ್ಲಿ ಸ್ಕ್ರೂ ಎಳೆಯ ಉದ್ದಕ್ಕೇ ಇಳಿಯುವುದರಿಂದ ಹಿಡಿತ ಕಡಿಮೆ.

ಮೇಲ್ಮೈಯಲ್ಲಿ ಉಬ್ಬು ಕಂಡರೆ ತಕ್ಷಣ ಆ ಸ್ಕ್ರೂ ಬಿಚ್ಚಿ, ಉಬ್ಬಿನ ಮೇಲೆ ಮೇಣದ ಕಾಗದ, ಅದರ ಮೇಲೆ ಚಪ್ಪಟೆ ಹಲಗೆ ಇಟ್ಟು ಕ್ಲಾಂಪಿನಿಂದ ಒಂದು ರಾತ್ರಿ ಒತ್ತಿಡಿ. ಆಗಷ್ಟೇ ಎದ್ದ ಉಬ್ಬು ಬಹುಪಾಲು ಕೂರುತ್ತದೆ. ವೆನಿಯರ್ ಬೋರ್ಡು ಬಿಟ್ಟು ಎದ್ದಿದ್ದರೆ ಉಗುರಿನಿಂದ ತಟ್ಟಿದಾಗ ಟೊಳ್ಳು ಸದ್ದು ಬರುತ್ತದೆ. ಆಗ ಹರಿತವಾದ ಬ್ಲೇಡಿನಿಂದ ಎಳೆಯ ಗುಂಟ ಸೀಳಿ, ತೆಳು ಅಂಟು ತೂರಿಸಿ, ಮತ್ತೆ ಒತ್ತಬೇಕು. ಉಬ್ಬನ್ನು ಉಜ್ಜಿ ಮಟ್ಟ ಮಾಡಲು ಹೋಗಬೇಡಿ. ಅರ್ಧ ಮಿ.ಮೀ. ಹಾಳೆ, ಕೆಳಗಿನ ಬೋರ್ಡು ಕಾಣಿಸಿಕೊಳ್ಳಲು ಉಜ್ಜುಕಾಗದದ ಹತ್ತಾರು ಎಳೆತ ಸಾಕು.

ನೇರ ನಿಲ್ಲಿಸುವಾಗ ಫ್ರೇಮು ಹಿಡಿದು ಎತ್ತಿ, ಟಾಪಿನ ಅಂಚು ಹಿಡಿಯಬೇಡಿ. ಮುಂದೆಂದು ಜಾಗ ಬದಲಿಸುವಾಗಲೂ ಕೈ ಸುತ್ತುಪಟ್ಟಿಯ ಕೆಳಗೇ ಹೋಗಬೇಕು, ಇಲ್ಲವಾದರೆ ಫ್ರೇಮಿನ ತೂಕವೆಲ್ಲ ಆ 13 ಮಿ.ಮೀ. ಮರೆಗಳಿಗೆ ನೇತಾಡುತ್ತದೆ. ಮೊದಲ ಮಳೆಗಾಲ ಮತ್ತು ಮೊದಲ ಬೇಸಗೆ ಕಳೆದ ಮೇಲೆ ಒಮ್ಮೆ ಕೆಳಗೆ ಹೊಕ್ಕು ಸ್ಕ್ರೂಗಳನ್ನು ಕೈಯಿಂದ ಮುಟ್ಟಿ ನೋಡಿ. ಸಡಿಲವಾದದ್ದಕ್ಕೆ ಕಾಲು ಸುತ್ತು ಕೊಡಿ. ಒಂದೇ ಬದಿಯವು ಮಾತ್ರ ಸಡಿಲವಾಗಿದ್ದರೆ ಸ್ಕ್ರೂ ಬಿಗಿಯುವ ಮೊದಲು ನೇರಪಟ್ಟಿ ಇಟ್ಟು ಟಾಪು ಬಾಗಿದೆಯೇ ನೋಡಿ.